ರಾಬರ್ಟ್ ಬೋಲ್ಟ್ ನಾಟಕಕಾರರಾ, ಸಿನಿಮಾ ರೈಟರ್ರಾ?

ಎರಡೂ ಹೌದು, ಆದ್ರೆ ಮೊದಲು ಮೇಷ್ಟ್ರು. 1924ರಲ್ಲಿ ಮ್ಯಾಂಚೆಸ್ಟರ್ ಹತ್ರದ ಸೇಲ್ ಅನ್ನೋ ಊರಲ್ಲಿ ಹುಟ್ಟಿ, ಸ್ಕೂಲಲ್ಲಿ ಪಾಠ ಮಾಡ್ತಾ ರೇಡಿಯೋಗೆ ನಾಟಕ ಬರೀತಿದ್ರು, 1957ರಲ್ಲಿ 'ಫ್ಲವರಿಂಗ್ ಚೆರಿ' ಲಂಡನ್ನಲ್ಲಿ ಗೆದ್ದ ಮೇಲೆ ಕೆಲಸ ಬಿಟ್ರು.

1960ರ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ನಾಟಕ ನನಗೆ ತುಂಬಾ ಇಷ್ಟ. ಅದ್ರಲ್ಲಿ ಇಂಗ್ಲೆಂಡ್ ರಾಜ ಎಂಟನೇ ಹೆನ್ರಿ ಕೇಳಿದ ಪ್ರಮಾಣ ಮಾಡಲ್ಲ ಅಂತ ಜೈಲು ಸೇರಿದ ಅವನ ಹಳೇ ಮಂತ್ರಿ ಥಾಮಸ್ ಮೋರ್ ತನ್ನ ಮಗಳಿಗೆ ಹೇಳ್ತಾನೆ, ಪ್ರಮಾಣ ಮಾಡೋದಂದ್ರೆ ತನ್ನನ್ನೇ ತಾನು ಬೊಗಸೇಲಿ ನೀರಿನ ಥರ ಹಿಡ್ಕೊಂಡ ಹಾಗೆ, ಬೆರಳು ಸಡಿಲ ಬಿಟ್ರೆ ಮತ್ತೆ ಸಿಗಲ್ಲ ಅಂತ. ಮರುವರ್ಷವೇ ಬೋಲ್ಟ್‌ಗೂ ಅದೇ ಪರೀಕ್ಷೆ ಬಂತು: ಅಣುಬಾಂಬ್ ವಿರೋಧಿ ಹೋರಾಟಕ್ಕೆ ಒಂದು ತಿಂಗಳು ಜೈಲಾಯ್ತು, ಆಗ 'ಲಾರೆನ್ಸ್ ಆಫ್ ಅರೇಬಿಯಾ' ಸ್ಕ್ರಿಪ್ಟ್ ಅರ್ಧಕ್ಕೆ ನಿಂತಿತ್ತು, ಪ್ರೊಡ್ಯೂಸರ್ ಸ್ಯಾಮ್ ಸ್ಪೀಗೆಲ್ ಒತ್ತಾಯಕ್ಕೆ ಮುಚ್ಚಳಿಕೆಗೆ ಸೈನ್ ಹಾಕಿ ಮಧ್ಯದಲ್ಲೇ ಹೊರಗೆ ಬಂದ್ರು. ಆಮೇಲೆ ಅದಕ್ಕೆ ತುಂಬಾ ನೊಂದ್ಕೊಂಡ್ರು. ಇದು ಗೊತ್ತಾದ್ಮೇಲೆ ಆ ಬೊಗಸೆ ನೀರಿನ ಮಾತು ಓದೋಕೇ ಸಂಕಟ ಆಗುತ್ತೆ.

ಸಿನಿಮಾದಲ್ಲಿ 'ಡಾಕ್ಟರ್ ಝಿವಾಗೊ'ಗೆ (1965) ಒಂದು ಆಸ್ಕರ್, ತಮ್ಮದೇ 'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' ನಾಟಕದ ಸಿನಿಮಾಗೆ (1966) ಇನ್ನೊಂದು. 1979ರಲ್ಲಿ ಸ್ಟ್ರೋಕ್ ಆಗಿ ಮಾತೇ ಕಷ್ಟ ಆಯ್ತು, ಆದ್ರೂ 'ದಿ ಬೌಂಟಿ' (1984), 'ದಿ ಮಿಷನ್' (1986) ಎರಡೂ ಆಮೇಲೆ ತೆರೆಗೆ ಬಂದವು. 1995ರಲ್ಲಿ ತೀರ್ಕೊಂಡ್ರು. ಯಾವುದಾದ್ರೂ ಒಂದನ್ನೇ ನೋಡೋದಾದ್ರೆ 1966ರದ್ದು ನೋಡಿ, ನಾಟಕ ಸಿಕ್ಕಿದ್ರೆ ಅದನ್ನ ಮೊದಲು ಓದಿ.