ಪ್ರಶ್ನೋತ್ತರ: ಮಾನಿಟರ್‌ನ ಬಣ್ಣ, ಪ್ರೆಸ್‌ನ ಬಣ್ಣ

ಪ್ರಶ್ನೆ: ಮಾವಿನ ತೋಟದ ಬ್ರೋಷರ್‌ಗೆ ಫೋಟೊಗಳನ್ನು ಸಿಎಂವೈಕೆ (ತಿಳಿನೀಲಿ ಸಯಾನ್, ಕಡುಗುಲಾಬಿ ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಲೆಕ್ಕ) ಮಾಡಿಯೇ ಪ್ರೆಸ್‌ಗೆ ಕೊಟ್ಟೆ. ಹಣ್ಣಿನ ಹಳದಿ ಚೆನ್ನಾಗಿ ಬಂದಿದೆ, ಎಳೆ ಎಲೆಯ ಹಸಿರು ಮಾತ್ರ ಮಂಕು. ತಪ್ಪು ಪ್ರೆಸ್‌ನವರದೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಅವರನ್ನು ದೂರುವ ಮೊದಲು ಫೈಲ್ ನೋಡಿ. ಹಳದಿಗೆ ಪ್ರತ್ಯೇಕ ಶಾಯಿಯೇ ಇದೆ, ಹಾಗಾಗಿ ಮಾವಿಗೆ ತೊಂದರೆಯಿಲ್ಲ. ಹಸಿರು ಸಯಾನ್, ಹಳದಿ ಎರಡೂ ಸೇರಿ ಆಗಬೇಕು. ಮಾನಿಟರ್ ಬೆಳಕಿನ ಹೊಳಪು ಆ ಜೋಡಿಗೆ ಬರುವುದಿಲ್ಲ. ಯಾವ ಪ್ರೊಫೈಲ್ (ಒಂದು ಯಂತ್ರ, ಶಾಯಿ, ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆಂದು ಹೇಳುವ ಫೈಲ್) ಹಾಕಿದರೂ ಈ ಮಿತಿ ಹೋಗದು. ಎಷ್ಟು ಮಂಕಾದೀತು ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬಹುದು.

ಫೋಟೊಶಾಪ್‌ನಲ್ಲಿ ಇಮೇಜ್–ಮೋಡ್–ಸಿಎಂವೈಕೆ ಒತ್ತಿದರೆ, ಕಲರ್ ಸೆಟಿಂಗ್ಸ್‌ನಲ್ಲಿ ಯಾವ ಪ್ರೊಫೈಲ್ ಇದೆಯೋ ಅದಕ್ಕೆ ಫೋಟೊ ಬದಲಾಗುತ್ತದೆ. ಯಾರೂ ಮುಟ್ಟದ ಕಂಪ್ಯೂಟರಿನಲ್ಲಿ ಅದು ಸಾಮಾನ್ಯವಾಗಿ 'ಯುಎಸ್ ವೆಬ್ ಕೋಟೆಡ್ ಸ್ವಾಪ್ ವಿ2', ಅಂದರೆ ಅಮೆರಿಕದ ವೆಬ್ ಆಫ್‌ಸೆಟ್‌ಗೆ (ರೋಲ್ ಕಾಗದದ ಮುದ್ರಣಕ್ಕೆ) ಮಾಡಿದ್ದು. ನಿಮ್ಮೂರಿನ ಶೀಟ್‌ಫೆಡ್ (ಬಿಡಿ ಹಾಳೆಯ) ಯಂತ್ರಕ್ಕೆ ಅದು ಸರಿಹೊಂದುವುದಿಲ್ಲ.

ಪ್ರೆಸ್‌ನಲ್ಲಿ ಮೂರು ವಿಷಯ ಕೇಳಿ: ಯಾವ ಕಾಗದ, ಯಾವ ಪ್ರೊಫೈಲ್, ನಾಲ್ಕೂ ಶಾಯಿ ಸೇರಿ (ಒಂದೊಂದೂ ಶೇ. 100ರವರೆಗೆ) ಗರಿಷ್ಠ ಎಷ್ಟು ಶೇಕಡಾ. 'ಏನಾದರೂ ಕೊಡಿ' ಎಂದರೆ ಲೇಪನವಿರುವ ಆರ್ಟ್ ಪೇಪರ್‌ಗೆ ಕೋಟೆಡ್ ಫೋಗ್ರಾ39, ಲೇಪನವಿಲ್ಲದ ಮ್ಯಾಪ್‌ಲಿಥೋಗೆ ಅನ್‌ಕೋಟೆಡ್ ಫೋಗ್ರಾ29 ಪ್ರೊಫೈಲ್ ಆರಿಸಿ, ಎರಡೂ ಫೋಟೊಶಾಪ್ ಜೊತೆಗೇ ಬರುತ್ತವೆ. ಶಾಯಿಯ ಮೊತ್ತ ಆರ್ಟ್ ಪೇಪರ್‌ನಲ್ಲಿ ಶೇ. 300ರೊಳಗಿರಲಿ. ಹೆಚ್ಚಾದರೆ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ.

ಈಗಾಗಲೇ ಸಿಎಂವೈಕೆ ಆದ ಪ್ರತಿಯನ್ನು ಬಿಟ್ಟು, ಮೂಲ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದ) ಫೋಟೊ ತೆಗೆಯಿರಿ. ಕಳೆದುಹೋದ ಬಣ್ಣ ವಾಪಸ್ ಬರುವುದಿಲ್ಲ. ವ್ಯೂ–ಪ್ರೂಫ್ ಸೆಟಪ್–ಕಸ್ಟಮ್‌ನಲ್ಲಿ ಪ್ರೊಫೈಲ್ ಆರಿಸಿ, ಗ್ಯಾಮಟ್ ವಾರ್ನಿಂಗ್ ಹಾಕಿ. ಬೂದು ಬಣ್ಣ ಮುಚ್ಚಿದ ಜಾಗ ಶಾಯಿಗೆ ಎಟುಕದ್ದು, ಅದೇ ನಿಮ್ಮ ಎಲೆ. ಅಲ್ಲಿನ ಹಸಿರಿನ ಸ್ಯಾಚುರೇಶನ್ (ಬಣ್ಣದ ತೀವ್ರತೆ) ಸ್ವಲ್ಪಸ್ವಲ್ಪವೇ ಇಳಿಸಿ. ಆಮೇಲೆ ಎಡಿಟ್–ಕನ್ವರ್ಟ್ ಟು ಪ್ರೊಫೈಲ್, ರಿಲೇಟಿವ್ ಕಲರಿಮೆಟ್ರಿಕ್ (ಶಾಯಿಗೆ ಎಟುಕದ ಬಣ್ಣವನ್ನು ಮಾತ್ರ ಹತ್ತಿರದ ಬಣ್ಣಕ್ಕೆ ತರುವ ರೀತಿ), ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಶನ್ (ಗಾಢ ನೆರಳಿನ ವಿವರ ಉಳಿಸುವ ಆಯ್ಕೆ) ಆನ್. ಬೂದು ಮುಚ್ಚಿದ ಭಾಗ ತುಂಬಾ ಇದ್ದರೆ ಪರ್ಸೆಪ್ಚುವಲ್ (ಎಲ್ಲ ಬಣ್ಣವನ್ನೂ ಒಟ್ಟಿಗೆ ಕುಗ್ಗಿಸುವ ರೀತಿ) ಕೂಡ ಹಾಕಿ ನೋಡಿ, ಯಾವುದು ಚೆನ್ನೋ ಅದನ್ನು ಇಟ್ಟುಕೊಳ್ಳಿ.

ಕನ್ವರ್ಟ್ ಬದಲು ಅಸೈನ್ ಒತ್ತಬೇಡಿ. ಕನ್ವರ್ಟ್ ಕಾಣುವ ಬಣ್ಣವನ್ನು ಆದಷ್ಟು ಉಳಿಸಿ, ಫೈಲಿನಲ್ಲಿ ಆ ಬಣ್ಣವನ್ನು ಬರೆದ ಅಂಕಿಗಳನ್ನು ಬದಲಿಸುತ್ತದೆ. ಅಸೈನ್ ಅಂಕಿಗಳನ್ನು ಹಾಗೇ ಬಿಟ್ಟು ಅವುಗಳ ಅರ್ಥ ಬದಲಿಸುತ್ತದೆ. ಪ್ರೊಫೈಲ್ ಇಲ್ಲದ ಫೋಟೊ ಬಂದಾಗ ಮಾತ್ರ ಅದರ ಕೆಲಸ; ಅಂಥದಕ್ಕೆ ಮೊದಲು ಮಾಮೂಲಿ ಪ್ರೊಫೈಲ್ ಆದ ಎಸ್‌ಆರ್‌ಜಿಬಿ ಹಾಕಿ ನೋಡಿ. ಐಫೋನ್‌ನ ಡಿಸ್‌ಪ್ಲೇ ಪಿ3 (ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ಹಿಡಿಯುವ) ಫೋಟೊದಿಂದ ಪ್ರೊಫೈಲ್ ಕಳಚಿದ್ದರೆ ಎಸ್‌ಆರ್‌ಜಿಬಿಯಲ್ಲೂ ಪೇಲವವಾಗಿಯೇ ಕಾಣುತ್ತದೆ.

ಪ್ರಶ್ನೆ: ರೇಷ್ಮೆ ಸೀರೆಯ ಕ್ಯಾಟಲಾಗ್‌ನಲ್ಲಿ ಗಾಢ ನೀಲಿ ನೇರಳೆಯಾಗಿ ಬಂದಿದೆ. ಎಲ್ಲ ಪುಟವೂ ಕಂಪ್ಯೂಟರಿನಲ್ಲಿ ಕಂಡದ್ದಕ್ಕಿಂತ ಕಪ್ಪು.
– ಓದುಗರು, ಶಿಡ್ಲಘಟ್ಟ

ಉತ್ತರ: ನೀಲಿಯಲ್ಲಿ ಮಜೆಂಟಾ ಸಯಾನ್‌ನ ಹತ್ತಿರಕ್ಕೆ ಬಂದರೆ ಕಾಗದದ ಮೇಲೆ ನೇರಳೆಯೇ. ಸಯಾನ್ ಶೇ. 100 ಇದ್ದಲ್ಲಿ ಮಜೆಂಟಾ ಶೇ. 70 ದಾಟದಿರಲಿ. ಸೆಲೆಕ್ಟಿವ್ ಕಲರ್‌ನಲ್ಲಿ ಬ್ಲೂಸ್ ಆರಿಸಿ ಮಜೆಂಟಾ ಇಳಿಸಬಹುದು. ಪುಟ ಕಪ್ಪಾಗಿ ಕಾಣುವುದಕ್ಕೆ ಹೆಚ್ಚಿನ ಸಲ ಕಾರಣ ಬ್ರೈಟ್‌ನೆಸ್ ಪೂರ್ತಿ ಏರಿಸಿದ ಮಾನಿಟರ್. ಕ್ಯಾಲಿಬ್ರೇಟರ್ (ಪರದೆಯ ಹೊಳಪು, ಬಣ್ಣ ಅಳೆಯುವ ಸಾಧನ) ಸಿಕ್ಕರೆ ಹೊಳಪನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಕ್ಕೆ ಇಳಿಸಿ. ಪ್ರೂಫ್ (ಮಾದರಿ ಪ್ರತಿ) ಅನ್ನು 5000 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ನೋಡಿ, ಅಂಗಡಿಯ ಹಳದಿ ಬಲ್ಬಿನ ಕೆಳಗೆ ಒಪ್ಪಿಗೆ ಕೊಡಬೇಡಿ.

ಪ್ರಶ್ನೆ: ಜಾತ್ರೆಯ ಕರಪತ್ರದಲ್ಲಿ ಸಣ್ಣ ಅಕ್ಷರಗಳ ಸುತ್ತ ಬಣ್ಣದ ಅಂಚು ಏಕೆ?
– ಓದುಗರು, ತುಮಕೂರು

ಉತ್ತರ: ಮ್ಯಾಟರ್ ವರ್ಡ್‌ನಿಂದ ಆರ್‌ಜಿಬಿ ಕಪ್ಪಾಗಿ ಬಂದಿರಬೇಕು. ಮೇಲೆ ಹೇಳಿದ ಸ್ವಾಪ್ ಪ್ರೊಫೈಲ್‌ಗೆ ಬದಲಾದಾಗ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಶಾಯಿಗೊಂದರಂತೆ ಇರುವ ನಾಲ್ಕು ಪ್ಲೇಟ್‌ಗಳಲ್ಲಿ ಒಂದು ಕೂದಲೆಳೆ ಸರಿದರೂ ಒತ್ತಕ್ಷರ, ಕೊಂಬು ಕಲಸಿಹೋಗುತ್ತವೆ. ಅಕ್ಷರಕ್ಕೆ ಕಪ್ಪು 100 ಮಾತ್ರ ಕೊಟ್ಟು ಓವರ್‌ಪ್ರಿಂಟ್ (ಕೆಳಗಿನ ಬಣ್ಣದ ಮೇಲೆಯೇ ಮುದ್ರಣ) ಇಡಿ. ಪಿಡಿಎಫ್ ಆದ ಮೇಲೆ ಅಕ್ರೊಬ್ಯಾಟ್ ಪ್ರೊದ ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪು ಪ್ಲೇಟ್‌ನ ಟಿಕ್ ತೆಗೆಯಿರಿ. ಅಕ್ಷರಗಳು ಪೂರ್ತಿ ಮಾಯವಾಗಬೇಕು. ಮಾಸಲಾಗಿ ಉಳಿದರೆ ಆ ಫೈಲ್ ಪ್ಲೇಟ್‌ಗೆ ಹೋಗಬಾರದು.