ಲಾಗರ್ ಫೈಲಿನಲ್ಲಿ ತಾರೀಕು "125-2-9" ಅಂತ ಬಂದರೆ

ಮಣ್ಣಿನ ತೇವ ಅಳೆದು ಬರೆದಿಡೋ ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್ ಬೋರ್ಡ್) ಲಾಗರ್, ಎಸ್‌ಡಿ ಕಾರ್ಡಿನಲ್ಲಿ "125-2-9 6:5:0" ಅಂತ ಬರೀತಿದೆ, ಬೋರ್ಡ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಬೋರ್ಡಿಗೆ ಏನೂ ಆಗಿಲ್ಲ. ಸಿ ಭಾಷೆಯಲ್ಲಿ ತಾರೀಕು, ಸಮಯ ಇಡೋ ಟಿಎಂ ಸ್ಟ್ರಕ್ಚರ್ ವರ್ಷವನ್ನು 1900ರಿಂದ ಎಣಿಸುತ್ತೆ, ತಿಂಗಳನ್ನು ಸೊನ್ನೆಯಿಂದ; ದಿನ ಮಾತ್ರ ನಮ್ಮ ಹಾಗೆ ಒಂದರಿಂದ. ಅಲ್ಲಿರೋದು 2025ರ ಮಾರ್ಚ್ 9, ಬೆಳಗ್ಗೆ 6 ಗಂಟೆ 5 ನಿಮಿಷ.

ವರ್ಷಕ್ಕೆ 1900, ತಿಂಗಳಿಗೆ 1 ಕೂಡಿಸಿ ನೀವೇ ಪ್ರಿಂಟ್ ಮಾಡಬಹುದು, ಆದರೆ ಒಂಟಿ ಅಂಕಿಯ ಮುಂದೆ ಸೊನ್ನೆ ಬೀಳದೆ, ಪಠ್ಯವಾಗಿ ಸಾರ್ಟ್ ಮಾಡಿದಾಗ "2025-10" ಹೋಗಿ "2025-9"ಕ್ಕಿಂತ ಮೇಲೆ ಕೂರುತ್ತೆ. ಅದರ ಬದಲು ತಾರೀಕನ್ನು ನೀವು ಹೇಳಿದ ರೂಪದ ಪಠ್ಯ ಮಾಡಿಕೊಡೋ ಸ್ಟ್ರ್‌ಎಫ್‌ಟೈಮ್ ಫಂಕ್ಷನ್ ಬಳಸಿ. ಪ್ರತಿ ಅಕ್ಷರದ ಮೊದಲು ಪರ್ಸೆಂಟ್ ಚಿಹ್ನೆ ಇರಲಿ: ದೊಡ್ಡ ವೈ, ಸಣ್ಣ ಎಂ, ಸಣ್ಣ ಡಿ, ನಡುವೆ ಅಡ್ಡಗೆರೆ, ಒಂದು ಸ್ಪೇಸ್, ಆಮೇಲೆ ದೊಡ್ಡ ಎಚ್, ದೊಡ್ಡ ಎಂ, ದೊಡ್ಡ ಎಸ್, ನಡುವೆ ಕೋಲನ್. ಆಗ "2025-03-09 06:05:00" ಬರುತ್ತೆ. ಎಂ ಅಕ್ಷರದಲ್ಲೇ ಎಲ್ಲರೂ ಎಡವೋದು. ಸಣ್ಣದು ತಿಂಗಳು, ದೊಡ್ಡದು ನಿಮಿಷ. ಅದಲುಬದಲಾದರೂ ಕಂಪೈಲರ್ ತುಟಿಪಿಟಕ್ ಅನ್ನಲ್ಲ. ಸಣ್ಣ ವೈ ಹಾಕಿದರೆ ಬರೀ "25" ಬರುತ್ತೆ.

ಈ ಸಾಲು 19 ಅಕ್ಷರ, ಪಠ್ಯ ಮುಗೀತು ಅಂತ ತೋರಿಸೋ ಕೊನೆಯ ನಲ್ ಸೇರಿ 20. ಅದನ್ನು ಹಿಡಿಯೋ ಜಾಗ, ಅಂದರೆ ಬಫರ್, 32 ಇಟ್ಟುಬಿಡಿ. ಜಾಗ ಸಾಲದಿದ್ದರೆ ಫಂಕ್ಷನ್ ಸೊನ್ನೆ ಹಿಂದಿರುಗಿಸುತ್ತೆ, ಬಫರ್‌ನಲ್ಲಿ ಏನಿರುತ್ತೆ ಅನ್ನೋದಕ್ಕೆ ಖಾತ್ರಿ ಇಲ್ಲ. ಅದಕ್ಕೇ ಆ ಸೊನ್ನೆಯನ್ನು ಚೆಕ್ ಮಾಡಿಯೇ ಫೈಲಿಗೆ ಬರೆಯಿರಿ.

ಸಮಯ ಐದೂವರೆ ಗಂಟೆ ಹಿಂದೆ ಕಂಡರೆ ಇಂಟರ್ನೆಟ್‌ನಿಂದ ಸಮಯ ತರಿಸೋ ಕಾನ್ಫಿಗ್‌ಟೈಮ್ ಫಂಕ್ಷನ್‌ನ ಮೊದಲ ಸಂಖ್ಯೆ 19800 ಸೆಕೆಂಡ್ ಇದೆಯಾ ನೋಡಿ, ಎರಡನೆಯದು 0. ಟಿಝಡ್ (ಟೈಮ್ ಝೋನ್) ವೇರಿಯಬಲ್‌ನಲ್ಲಿ ಕೊಡೋದಾದರೆ ಚಿಹ್ನೆ ಉಲ್ಟಾ: "ಐಎಸ್‌ಟಿ" ಆದಮೇಲೆ ಮೈನಸ್ 5:30. ಈ ಪೋಸಿಕ್ಸ್ (ಯುನಿಕ್ಸ್ ಮಾದರಿಯ ಸಿಸ್ಟಮ್‌ಗಳ ಮಾನದಂಡ) ರೂಢಿ ತಲೆ ತಿನ್ನುತ್ತೆ, ಆದರೆ ಹಾಗೇ ಇದೆ. ಇನ್ನು ಕರೆಂಟ್ ಬಂದ ಮೇಲೆ ಮೊದಲ ಕೆಲವು ಸಾಲು "1970-01-01 05:30" ಅಂತ ಇದ್ದರೆ, ವೈಫೈ ಇನ್ನೂ ಸಮಯ ತಂದಿಲ್ಲ ಅಂತ ಅರ್ಥ. ಸಮಯ ಓದೋ ಗೆಟ್‌ಲೋಕಲ್‌ಟೈಮ್ ಫಂಕ್ಷನ್ ಫಾಲ್ಸ್ ಕೊಟ್ಟಾಗ ಆ ರೀಡಿಂಗ್‌ಗೆ ತಾರೀಕು ಹಾಕಬೇಡಿ.

ದಿನ-ತಿಂಗಳು-ವರ್ಷ ಕ್ರಮ ಕಣ್ಣಿಗೆ ಹಿತ, ನಿಜ. ಆದರೆ ಎಕ್ಸೆಲ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 09-03 ಸೆಪ್ಟೆಂಬರ್ 3 ಆಗುತ್ತೆ, 25-03 ಬರೀ ಪಠ್ಯವಾಗಿ ಉಳಿಯುತ್ತೆ. ಒಂದೇ ಕಾಲಮ್‌ನಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಇದೇ ಕಾರಣ. ಫೈಲಿನಲ್ಲಿ ವರ್ಷ ಮೊದಲಿರಲಿ, ನಮ್ಮ ಕ್ರಮ ಡಿಸ್‌ಪ್ಲೇಗೆ ಸಾಕು.

ದಿನಕ್ಕೊಂದು ಫೈಲ್ ಮಾಡೋರು ಹೆಸರಿನಲ್ಲಿ ಕೋಲನ್ ಬಿಡಿ. ಎಸ್‌ಡಿ ಕಾರ್ಡಿನ ಫ್ಯಾಟ್ ಫೈಲ್ ಸಿಸ್ಟಮ್ ಅದನ್ನು ಒಪ್ಪಲ್ಲ, ಫೈಲ್ ತೆರೆಯೋದೇ ಇಲ್ಲ. "20250309" ಅಂತಿಡಿ.