ಮಾತು ತಿದ್ದಿ ಸಾಗಿಸುವ ಅಕ್ಕನಿಗೆ

ಮಂಡ್ಯದ ಶಿಕ್ಷಕಿಯೊಬ್ಬರ ನಾಲ್ಕು ಪುಟಗಳ ಪತ್ರ ಓದಿ ಎರಡು ದಿನ ಮನೆಯಲ್ಲಿ ಎಲ್ಲರ ಮೇಲೂ ಸಿಡುಕಿದ್ದೇನೆ.

ವಿಷಯ ಇಷ್ಟು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅವರ ಸ್ವಂತ ಸಂಪಾದನೆಯ 45 ಗುಂಟೆ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿದೆ. ಅಣ್ಣ ತಮ್ಮ ಬಾಯಿಮಾತಿನಲ್ಲೇ ಹಂಚಿಕೊಂಡರು. ಮೇಲಿನ ತುಂಡು ಸಿಕ್ಕ ತಮ್ಮ ಕಾಲುವೆಗೆ ಅಡ್ಡ ಮಣ್ಣು ಹಾಕಿದ, ಕೆಳಗೆ ಅಣ್ಣನ ಕಬ್ಬು ಒಣಗಿತು. ಮೂರು ವರ್ಷಗಳಿಂದ ಮಾತಿಲ್ಲ. ಜೂನ್ 13ರಂದು ಡೋರನಹಳ್ಳಿಯ ಸಂತ ಅಂತೋನಿಯವರ ಹಬ್ಬಕ್ಕೂ ಬೇರೆ ಬೇರೆ ಬಸ್ಸು. ಭಾನುವಾರದ ಪೂಜೆಯಲ್ಲಿ ಪತ್ರ ಬರೆದ ಈ ಅಕ್ಕ ಇಬ್ಬರ ನಡುವೆ ಕೂರುತ್ತಾರೆ. ಶಾಂತಿ ಕೋರುವ ಹೊತ್ತಿಗೆ ಇಬ್ಬರೂ ಅವರತ್ತಲೇ ತಿರುಗಿ ಕೈ ಮುಗಿಯುತ್ತಾರೆ. ‘ಸಮಾಧಾನಪಡಿಸುವವರು ಧನ್ಯರು ಎಂದಿದೆಯಲ್ಲ, ನನ್ನಿಂದ ಯಾಕೆ ಆಗುತ್ತಿಲ್ಲ?’ ಎಂಬುದು ಪ್ರಶ್ನೆ.

ತಂಗೀ, ಮೂರನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ: ‘ಇಬ್ಬರಿಗೂ ಬೇಸರವಾಗದಂತೆ ಸ್ವಲ್ಪ ತಿದ್ದಿ ಹೇಳುತ್ತೇನೆ.’ ತಮ್ಮ ‘ಕಾಲು ಹಿಡಿದರೂ ನೀರು ಬಿಡುವುದಿಲ್ಲ’ ಎಂದ. ನೀವು ಅಣ್ಣನಿಗೆ ‘ಈ ಕಟಾವು ಮುಗಿಯಲಿ ಎಂದಿದ್ದಾನೆ’ ಎಂದಿರಿ. ಅಣ್ಣ ನಂಬಿ ಕಾದ. ಕಟಾವಾಯಿತು, ನೀರು ಬರಲಿಲ್ಲ. ಈಗ ಅವನ ಕಣ್ಣಿಗೆ ತಮ್ಮ ಹಟಮಾರಿಯಷ್ಟೇ ಅಲ್ಲ, ಮಾತಿಗೆ ತಪ್ಪಿದವನು. ಆ ಮಾತು ಕೊಟ್ಟವರು ಯಾರು?

ನಾನು ಚರ್ಚಿಗೆ ಹೋಗುವವಳಲ್ಲ. ಆದರೆ ಮೈಸೂರಿನ ಮಿಷನ್ ಶಾಲೆಯಲ್ಲಿ ಬೈಬಲಿನ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ಬಾಯಿಪಾಠ ಮಾಡಿದವಳು. ನಿಮ್ಮ ಧನ್ಯವಾಕ್ಯ ಒಂಬತ್ತನೆಯ ವಚನ. ಇಪ್ಪತ್ತನಾಲ್ಕರವರೆಗೆ ಓದಿ: ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ನಿನ್ನ ಸಹೋದರನೊಂದಿಗೆ ಒಂದಾಗು ಎಂದಿದೆ. ನೀನು ಹೋಗು ಎಂದು. ಅಕ್ಕನನ್ನು ಕಳಿಸು ಎಂದಲ್ಲ. ಲೂಕನ ಹನ್ನೆರಡನೆಯ ಅಧ್ಯಾಯದಲ್ಲಿ ಒಬ್ಬ ಬಂದು, ಆಸ್ತಿಯಲ್ಲಿ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಯೇಸುವನ್ನು ಕೇಳುತ್ತಾನೆ. ನನ್ನನ್ನು ನಿಮಗೆ ಪಾಲು ಹಂಚುವವನನ್ನಾಗಿ ನೇಮಿಸಿದವರು ಯಾರು ಎಂದು ಆತ ಬಿಡಿಸಿಕೊಂಡ. ಆತ ಒಲ್ಲೆನೆಂದ ಕೆಲಸವನ್ನು ನೀವು ಮೂರು ವರ್ಷ ಹೊತ್ತಿದ್ದೀರಿ. ಅಳುವ ಮಗುವಿನ ಬಾಯಿಗೆ ಬೆಲ್ಲ ಇಡುವುದನ್ನೂ ನಾವು ಸಮಾಧಾನ ಮಾಡುವುದು ಎನ್ನುತ್ತೇವೆ. ಎಡವಟ್ಟು ಆಗಿರುವುದು ಅಲ್ಲೇ.

ತಮ್ಮನದು ತಪ್ಪೇ, ಅದರಲ್ಲಿ ಮಾತಿಲ್ಲ. ನನಗೆ ಅವನಿಗಿಂತ ಸಿಟ್ಟು ನಿಮ್ಮ ದೊಡ್ಡಪ್ಪನ ಮೇಲೆ. ಪ್ರತಿ ಭಾನುವಾರ ಕಾಫಿ ಕುಡಿದು ‘ನೀನು ದೇವರ ಮಗಳು, ಬಿಡಬೇಡ’ ಎಂದು ಬೆನ್ನು ತಟ್ಟಿ ಹೋಗುವ ಆ ಹಿರಿಯರು ಒಂದು ದಿನವಾದರೂ ಆ ಕಾಲುವೆಯ ಬದಿಗೆ ಹೋಗಿ ನಿಂತಿದ್ದಾರೆಯೇ? ಮನೆಯ ಹೆಣ್ಣುಮಗಳನ್ನು ಅಂಚೆಪೆಟ್ಟಿಗೆ ಮಾಡಿಕೊಂಡ ಗಂಡಸರ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ತಪ್ಪಿದೆ.

ಲೆಕ್ಕ ಎಂದಾಗ ನೆನಪಾಯಿತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲಿಲ್ಲದಿದ್ದರೆ ಮೂರನೆಯ ಒಂದು ಭಾಗ ಹೆಂಡತಿಗೆ, ಉಳಿದದ್ದು ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣೆಂಬ ಭೇದವಿಲ್ಲ. ನಿಮ್ಮ ತಾಯಿಗೆ 15 ಗುಂಟೆ, ನಿಮಗೆ ಮೂವರಿಗೂ ಹತ್ತು ಹತ್ತು. ತಾಯಿಯ ಹೆಸರು ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ. ನೀವೂ ಹಕ್ಕುದಾರರೇ, ಆದರೂ ಮಧ್ಯಸ್ಥರಂತೆ ಬರೆದಿದ್ದೀರಿ.

ಮಾಡಬೇಕಾದದ್ದು ಒಂದೇ. ಈ ಭಾನುವಾರ ಪೂಜೆಗೆ ಮೊದಲು ಅಣ್ಣನ ಮನೆಗೆ ಹೋಗಿ. ಕಟಾವಿನ ಮಾತು ತಮ್ಮನದಲ್ಲ, ನನ್ನದು ಎಂದು ಹೇಳಿ. ಅಣ್ಣ ರೇಗುತ್ತಾನೆ, ರೇಗಲಿ. ಅವನು ಏನೆಂದ ಎಂದು ತಮ್ಮ ಫೋನ್ ಮಾಡಿ ಕೇಳಿದರೆ, ಅಣ್ಣನ ನಂಬರ್ ಕೊಟ್ಟು ಇಟ್ಟುಬಿಡಿ.